ವಿಟಮಿನ್ ಡಿ ಕಡಿಮೆ ಎಂದು ರಿಪೋರ್ಟ್ ಬಂದರೆ ಪಕ್ಕದ ಎರಡು ಅಂಕಿಗಳನ್ನೂ ಓದಬೇಕು

ವಿಟಮಿನ್ ಡಿ ಬಗ್ಗೆ ಒಂದಕ್ಕೊಂದು ತದ್ವಿರುದ್ಧವಾದ ಎರಡು ಮಾತುಗಳು ಒಟ್ಟಿಗೇ ಓಡಾಡುತ್ತಿವೆ. ಭಾರತದಲ್ಲಿ ಬಹಳ ಜನರಿಗೆ ಡಿ ಕೊರತೆ ಇದೆ, ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎನ್ನುವುದು ಒಂದು ಮಾತು. ಆರೋಗ್ಯವಾಗಿರುವವರಿಗೆ ಡಿ ಪರೀಕ್ಷೆಯ ಅಗತ್ಯವೇ ಇಲ್ಲ ಎನ್ನುವುದು ಇನ್ನೊಂದು. ಎರಡನೆಯದು ಸುದ್ದಿಯಾದದ್ದು 2024ರ ಜೂನ್‌ನಲ್ಲಿ. ಹಾರ್ಮೋನ್ ತಜ್ಞರ ಸಂಘಟನೆಯಾದ ಅಮೆರಿಕದ ಎಂಡೊಕ್ರೈನ್ ಸೊಸೈಟಿ ಆಗ ಹೊಸ ಮಾರ್ಗಸೂಚಿ ಹೊರಡಿಸಿತು. ರಕ್ತದಲ್ಲಿ ಡಿ ಮಟ್ಟ ಮಿಲಿಲೀಟರಿಗೆ 30 ನ್ಯಾನೊಗ್ರಾಂಗಿಂತ ಮೇಲಿರಬೇಕು ಎಂದು 2011ರಲ್ಲಿ ಹೇಳಿದ್ದು ಇದೇ ಸಂಸ್ಥೆ. ಈಗ ಆ ಗೆರೆಯನ್ನು ತಾನೇ ಕೈಬಿಟ್ಟಿದೆ.

ಇತ್ತ ಹುಬ್ಬಳ್ಳಿ-ಧಾರವಾಡದ ಲ್ಯಾಬ್‌ಗಳ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜ್‌ಗಳಲ್ಲಿ ಡಿ ಪರೀಕ್ಷೆ ಸೇರಿಕೊಂಡೇ ಬರುತ್ತದೆ. ರಿಪೋರ್ಟ್‌ನಲ್ಲಿ 14 ಅಥವಾ 17 ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ. ಎಷ್ಟೋ ಜನ ಸೀದಾ ಔಷಧಿ ಅಂಗಡಿಗೆ ಹೋಗಿ ವಾರಕ್ಕೊಂದು ನುಂಗುವ 60,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಗುಳಿಗೆ ತರುತ್ತಾರೆ. ಅದೇ ರಿಪೋರ್ಟ್‌ನ ಇನ್ನೊಂದು ಹಾಳೆಯಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಎಂದು ನೋಡುವವರು ಕಡಿಮೆ. ಪಿಟಿಎಚ್ ಎಂಬ ಪರೀಕ್ಷೆಯ ಹೆಸರನ್ನು ಕೇಳಿದವರು ಇನ್ನೂ ಕಡಿಮೆ. ನಿಜವಾದ ಗೊಂದಲ ಹುಟ್ಟುವುದು ಇಲ್ಲಿ. ಡಿ, ಕ್ಯಾಲ್ಸಿಯಂ, ಪಿಟಿಎಚ್ ಮೂರೂ ಒಂದೇ ಲೆಕ್ಕದ ಅಂಕಿಗಳು. ಒಂದನ್ನಷ್ಟೇ ಹಿಡಿದು ಓದಿದರೆ ಲೆಕ್ಕ ತಪ್ಪುತ್ತದೆ. ಕೆಲವರಲ್ಲಿ ಈ ತಪ್ಪು ಅಪಾಯಕ್ಕೂ ದಾರಿಯಾಗುತ್ತದೆ.

ಕುತ್ತಿಗೆಯಲ್ಲಿರುವ ನಾಲ್ಕು ಕಾವಲುಗಾರರು

ಥೈರಾಯ್ಡ್ ಗ್ರಂಥಿಯ ಹೆಸರು ಈಗ ಮನೆಮನೆಗೂ ಗೊತ್ತು. ಅದರ ಬೆನ್ನಿಗೆ ಅಂಟಿಕೊಂಡಂತೆ, ಸಾಮಾನ್ಯವಾಗಿ ನಾಲ್ಕು, ಪುಟ್ಟ ಗ್ರಂಥಿಗಳಿವೆ. ಒಂದೊಂದೂ ಅಕ್ಕಿ ಕಾಳಿನಷ್ಟು ಗಾತ್ರ. ಇವೇ ಪ್ಯಾರಾಥೈರಾಯ್ಡ್. ಜಾಗ ಹತ್ತಿರವಾದರೂ ಕೆಲಸಕ್ಕೂ ಥೈರಾಯ್ಡ್‌ಗೂ ಸಂಬಂಧವಿಲ್ಲ. ಥೈರಾಯ್ಡ್ ಪರೀಕ್ಷೆಯಾದ ಟಿಎಸ್ಎಚ್ ನಾರ್ಮಲ್ ಬಂದ ಮಾತ್ರಕ್ಕೆ ಪ್ಯಾರಾಥೈರಾಯ್ಡ್ ಸರಿ ಇದೆ ಎಂದು ಹೇಳಲಾಗದು.

ಇವು ಎಷ್ಟು ಸಣ್ಣವೆಂದರೆ ವೈದ್ಯಲೋಕದ ಕಣ್ಣಿಗೆ ಬಿದ್ದದ್ದೇ ತಡವಾಗಿ. 1850ರ ಸುಮಾರಿಗೆ ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವೊಂದನ್ನು ಕೊಯ್ದು ನೋಡುವಾಗ ರಿಚರ್ಡ್ ಓವೆನ್ ಈ ಗ್ರಂಥಿಯನ್ನು ಗುರುತಿಸಿ ಬರೆದಿಟ್ಟರು. ಮನುಷ್ಯರಲ್ಲಿ ಇದನ್ನು ವಿವರವಾಗಿ ತೋರಿಸಿದ್ದು 1880ರಲ್ಲಿ, ಸ್ವೀಡನ್‌ನ ಉಪ್ಸಾಲಾದ ವೈದ್ಯ ವಿದ್ಯಾರ್ಥಿ ಇವಾರ್ ಸ್ಯಾಂಡ್‌ಸ್ಟ್ರೋಮ್.

ಇವುಗಳ ಕೆಲಸ ಒಂದೇ. ರಕ್ತದ ಕ್ಯಾಲ್ಸಿಯಂ ಹೆಚ್ಚುಕಡಿಮೆ ಆಗದಂತೆ ನೋಡಿಕೊಳ್ಳುವುದು. ಹೃದಯ ಬಡಿಯಲು, ಸ್ನಾಯು ಕುಗ್ಗಲು, ನರಗಳು ಸಂದೇಶ ಸಾಗಿಸಲು ಕ್ಯಾಲ್ಸಿಯಂ ಬೇಕು. ಅದು ಸುಮಾರು 8.5ರಿಂದ 10.5 ಮಿಲಿಗ್ರಾಂ ಎಂಬ ಇಕ್ಕಟ್ಟಾದ ಮಿತಿಯೊಳಗೇ ಇರಬೇಕು. ಇದು 100 ಮಿಲಿಲೀಟರ್ ರಕ್ತದ ಲೆಕ್ಕ. ಸ್ವಲ್ಪ ಇಳಿದರೂ ಪ್ಯಾರಾಥೈರಾಯ್ಡ್‌ಗೆ ಕೂಡಲೇ ಗೊತ್ತಾಗುತ್ತದೆ. ಅದು ಪ್ಯಾರಾಥೈರಾಯ್ಡ್ ಹಾರ್ಮೋನ್, ಅಂದರೆ ಪಿಟಿಎಚ್, ಬಿಡುತ್ತದೆ.

ಪಿಟಿಎಚ್ ಮೂರು ಕಡೆ ಕೆಲಸ ಮಾಡುತ್ತದೆ. ಎಲುಬಿನಿಂದ ಕ್ಯಾಲ್ಸಿಯಂ ಬಿಡಿಸುತ್ತದೆ. ಮೂತ್ರದಲ್ಲಿ ಹೋಗಲಿದ್ದ ಕ್ಯಾಲ್ಸಿಯಂ ಅನ್ನು ಕಿಡ್ನಿಯಲ್ಲೇ ಹಿಡಿದು ವಾಪಸ್ ಕಳಿಸುತ್ತದೆ. ಮೂರನೆಯದಾಗಿ, ಕಿಡ್ನಿಯಲ್ಲಿ ವಿಟಮಿನ್ ಡಿಯನ್ನು ಅದರ ಚುರುಕಾದ ರೂಪಕ್ಕೆ ಬದಲಾಯಿಸುತ್ತದೆ. ಆ ಚುರುಕಾದ ಡಿ ಕರುಳಿಗೆ ಹೋಗಿ ಊಟದಲ್ಲಿರುವ ಕ್ಯಾಲ್ಸಿಯಂ ಅನ್ನು ಹೀರಿಕೊಳ್ಳುವಂತೆ ಮಾಡುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಸಾಕಷ್ಟಾದ ಮೇಲೆ ಪಿಟಿಎಚ್ ತಾನಾಗಿ ಇಳಿಯುತ್ತದೆ.

ಡಿ ಕಡಿಮೆಯಾದಾಗ ಏನಾಗುತ್ತದೆ

ಡಿ ಸಾಕಷ್ಟಿದ್ದರೆ ಊಟದ ಕ್ಯಾಲ್ಸಿಯಂನಲ್ಲಿ ಶೇ 30ರಿಂದ 40ರಷ್ಟು ದೇಹಕ್ಕೆ ಸೇರುತ್ತದೆ. ಡಿ ಇಲ್ಲದಿದ್ದರೆ ಇದು ಶೇ 10ರಿಂದ 15ಕ್ಕೆ ಇಳಿಯುತ್ತದೆ. ಉಳಿದದ್ದು ಹಾಗೇ ಹೊರಗೆ ಹೋಗುತ್ತದೆ. ರಕ್ತದ ಕ್ಯಾಲ್ಸಿಯಂ ಇಳಿಯತೊಡಗಿದೊಡನೆ ಪ್ಯಾರಾಥೈರಾಯ್ಡ್ ಎಚ್ಚರಗೊಂಡು ಪಿಟಿಎಚ್ ಏರಿಸುತ್ತದೆ. ಎಲುಬಿನಿಂದ ಕ್ಯಾಲ್ಸಿಯಂ ಹೊರಬರುತ್ತದೆ. ರಕ್ತದ ಅಂಕಿ ಮತ್ತೆ ನಾರ್ಮಲ್ ಆಗುತ್ತದೆ.

ಮಳೆ ಕೈಕೊಟ್ಟ ವರ್ಷ ಹಗೇವು ತೆಗೆದು ಜೋಳ ಉಣ್ಣುತ್ತಿದ್ದರಲ್ಲ, ಎಲುಬು ದೇಹಕ್ಕೆ ಅಂಥ ಹಗೇವು. ದೇಹದ ಕ್ಯಾಲ್ಸಿಯಂನಲ್ಲಿ ಶೇ 99ರಷ್ಟು ಇರುವುದು ಎಲುಬು ಮತ್ತು ಹಲ್ಲಿನಲ್ಲೇ. ಒಂದೆರಡು ವರ್ಷ ಹೀಗೆ ತೆಗೆದರೆ ತೊಂದರೆ ಕಾಣುವುದಿಲ್ಲ. ಹತ್ತಾರು ವರ್ಷ ತೆಗೆಯುತ್ತಲೇ ಹೋದರೆ ಎಲುಬು ತೆಳ್ಳಗಾಗುತ್ತದೆ. ದೊಡ್ಡವರಲ್ಲಿ ಸೊಂಟ, ತೊಡೆ, ಪಕ್ಕೆಲುಬು ನೋಯುತ್ತವೆ. ಕೆಳಗೆ ಕೂತವರಿಗೆ ಏಳುವುದು ಕಷ್ಟವಾಗುತ್ತದೆ. ಮಕ್ಕಳಲ್ಲಿ ಕಾಲು ಬಾಗುವ ರಿಕೆಟ್ಸ್ ಬರುತ್ತದೆ.

ಹೀಗೆ ಬೇರೆ ಕೊರತೆಯನ್ನು ತುಂಬಲು ಪ್ಯಾರಾಥೈರಾಯ್ಡ್ ಹೆಚ್ಚು ದುಡಿಯುವುದನ್ನು ಸೆಕೆಂಡರಿ ಹೈಪರ್‌ಪ್ಯಾರಾಥೈರಾಯ್ಡಿಸಂ ಎನ್ನುತ್ತಾರೆ. ಹೆಸರು ದೊಡ್ಡದು, ಅರ್ಥ ಸರಳ. ಗ್ರಂಥಿಗೆ ರೋಗವಿಲ್ಲ, ಅದು ತನ್ನ ಕೆಲಸ ಮಾಡುತ್ತಿದೆ. ಡಿ ಮತ್ತು ಕ್ಯಾಲ್ಸಿಯಂ ಕೊಟ್ಟರೆ ಕೆಲವು ತಿಂಗಳಲ್ಲಿ ಪಿಟಿಎಚ್ ಇಳಿಯುತ್ತದೆ.

ಇಷ್ಟು ಬಿಸಿಲಿದ್ದೂ ಕೊರತೆ ಏಕೆ?

ಹುಬ್ಬಳ್ಳಿ ಇರುವುದು ಭೂಮಧ್ಯರೇಖೆಯಿಂದ ಸುಮಾರು 15 ಡಿಗ್ರಿ ಉತ್ತರಕ್ಕೆ. ಚರ್ಮದಲ್ಲಿ ಡಿ ತಯಾರಾಗಲು ಬೇಕಾದ ಯುವಿ-ಬಿ ಕಿರಣ ಇಲ್ಲಿ ವರ್ಷವಿಡೀ ಸಿಗುತ್ತದೆ. ಆದರೆ ಬಿಸಿಲು ಊರಿನ ಮೇಲೆ ಬಿದ್ದರೆ ಸಾಲದು, ಚರ್ಮದ ಮೇಲೆ ಬೀಳಬೇಕು. ಗದಗ-ಬೆಟಗೇರಿಯ ನೇಕಾರರು ದಿನವಿಡೀ ಮಗ್ಗದ ಮುಂದೆ ಒಳಗೇ ಕೂರುತ್ತಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಘಾಟಿಗೆ ಹೆದರಿ ಮುಖ-ಮೈ ಮುಚ್ಚಿಕೊಳ್ಳುತ್ತಾರೆ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರು ಬೆಳಗಿನಿಂದ ರಾತ್ರಿವರೆಗೆ ಲೈಬ್ರರಿಯಲ್ಲಿರುತ್ತಾರೆ. ಕಿಟಕಿಯ ಗಾಜು ಯುವಿ-ಬಿಯನ್ನು ಒಳಗೆ ಬಿಡುವುದಿಲ್ಲ.

ಎಳೆ ಬಿಸಿಲಿನಲ್ಲಿ ಡಿ ಸಿಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬೆಳಗಿನ ಬಿಸಿಲು ಮೈಗೆ ಹಿತ, ನಿಜ. ಆದರೆ ಸೂರ್ಯ ಕೆಳಗಿರುವಾಗ ಯುವಿ-ಬಿ ಬಹುಪಾಲು ವಾತಾವರಣದಲ್ಲೇ ಸೋಸಿಹೋಗುತ್ತದೆ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲೇ ಡಿ ಚೆನ್ನಾಗಿ ತಯಾರಾಗುವುದು. ಕಪ್ಪು ಚರ್ಮದವರಿಗೆ ಬಿಳಿಯರಿಗಿಂತ ಜಾಸ್ತಿ ಹೊತ್ತು ಬೇಕು. ವಯಸ್ಸಾದಂತೆ ಚರ್ಮದ ಈ ಶಕ್ತಿಯೂ ಕುಗ್ಗುತ್ತದೆ.

ಇನ್ನು ನವಲಗುಂದದ ಎರೆಹೊಲದಲ್ಲಿ ದಿನವಿಡೀ ಬಿಸಿಲುಣ್ಣುವ ರೈತರಿಗೆ ಚಿಂತೆ ಇಲ್ಲವೇ? ಇಲ್ಲಿ ಇನ್ನೊಂದು ಸಂಗತಿ ಇದೆ, ಅದರ ಬಗ್ಗೆ ಮಾತು ಕಡಿಮೆ. ತಿರುಪತಿಯ ಸುತ್ತ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಲದಲ್ಲಿ ದುಡಿಯುವವರ ಡಿ ಮಟ್ಟ ಪಟ್ಟಣದವರಿಗಿಂತ ಚೆನ್ನಾಗಿತ್ತು. ಆದರೆ ಇಬ್ಬರ ಊಟದಲ್ಲೂ ಕ್ಯಾಲ್ಸಿಯಂ ತೀರಾ ಕಡಿಮೆ ಇತ್ತು. ಧಾನ್ಯಗಳಲ್ಲಿರುವ ಫೈಟೇಟ್ ಎಂಬ ಅಂಶ ಆ ಇದ್ದಷ್ಟು ಕ್ಯಾಲ್ಸಿಯಂ ಹೀರಿಕೊಳ್ಳಲೂ ಅಡ್ಡಿ ಮಾಡುತ್ತದೆ.

ನಮ್ಮ ಜೋಳದ ರೊಟ್ಟಿಗೂ ಈ ಮಾತು ಅನ್ವಯಿಸುತ್ತದೆ. ಜೋಳ ಒಳ್ಳೆಯ ಆಹಾರ, ಅನುಮಾನವಿಲ್ಲ. ಆದರೆ 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಇರುವುದು 30 ಮಿಲಿಗ್ರಾಂ ಒಳಗೆ. ಅಷ್ಟೇ ರಾಗಿಯಲ್ಲಿ 350ರ ಆಸುಪಾಸು ಇರುತ್ತದೆ. ದೊಡ್ಡವರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕು ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು ಹೇಳುತ್ತದೆ. ರೊಟ್ಟಿ, ಪಲ್ಯ, ಶೇಂಗಾ ಹಿಂಡಿಯಲ್ಲಿ ಇಷ್ಟು ಆಗುವುದಿಲ್ಲ. ಹಾಲು, ಮೊಸರು, ಎಳ್ಳು, ಗುರೆಳ್ಳು, ನುಗ್ಗೆ ಸೊಪ್ಪು ದಿನವೂ ಸೇರಬೇಕು.

ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಡಿ ಕೂಡ ಬೇಗ ಖಾಲಿಯಾಗುತ್ತದೆ. ಹೇಗೆಂದರೆ, ಕ್ಯಾಲ್ಸಿಯಂ ಸಾಲದಾಗ ಪಿಟಿಎಚ್ ಏರುತ್ತದೆ. ಪಿಟಿಎಚ್ ಏರಿದರೆ ಚುರುಕಾದ ಡಿ ಜಾಸ್ತಿ ತಯಾರಾಗುತ್ತದೆ. ಅದರ ಪ್ರಭಾವದಿಂದ ರಕ್ತದಲ್ಲಿ ಸಂಗ್ರಹವಿರುವ ಡಿ ಬೇಗ ಒಡೆದುಹೋಗುತ್ತದೆ. ಲ್ಯಾಬ್ ಅಳೆಯುವುದು ಈ ಸಂಗ್ರಹವನ್ನೇ. ಹಾಗಾಗಿ ಡಿ ಗುಳಿಗೆ ಮಾತ್ರ ನುಂಗಿ ಊಟ ಬದಲಿಸದವರ ಡಿ ಮಟ್ಟ ಮತ್ತೆ ಇಳಿಯುವುದರಲ್ಲಿ ಆಶ್ಚರ್ಯವಿಲ್ಲ.

20 ಸಾಕೋ, 30 ಬೇಕೋ

ಈಗ ತಜ್ಞರ ಜಗಳಕ್ಕೆ ಬರೋಣ. 30 ಎಂಬ ಗೆರೆ ಬಂದದ್ದಕ್ಕೆ ಪ್ಯಾರಾಥೈರಾಯ್ಡ್ ಕೂಡ ಒಂದು ಕಾರಣ. ಡಿ ಏರುತ್ತಾ ಹೋದಂತೆ ಪಿಟಿಎಚ್ ಇಳಿಯುತ್ತಾ ಬಂದು, ಒಂದು ಹಂತದಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಡಿ ಏರಿದರೂ ಪಿಟಿಎಚ್ ಇಳಿಯದು. ಗ್ರಂಥಿಗೆ ತೃಪ್ತಿಯಾಗುವ ಈ ಹಂತವೇ ಸಾಕಷ್ಟು ಡಿ ಇರುವುದರ ಗುರುತು ಎಂಬುದು ಒಂದು ಪಕ್ಷದ ವಾದ. ಕೆಲವು ಅಧ್ಯಯನಗಳಲ್ಲಿ ಈ ಹಂತ 30ರ ಹತ್ತಿರ ಬಂತು.

ಇನ್ನೊಂದು ಪಕ್ಷ ಇದನ್ನು ಒಪ್ಪಲಿಲ್ಲ. 2011ರ ಸುಮಾರಿಗೇ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, ಬಹುತೇಕ ಎಲ್ಲರ ಎಲುಬಿಗೆ 20 ಸಾಕು ಎಂದಿತ್ತು. ಪಿಟಿಎಚ್ ನಿಲ್ಲುವ ಹಂತವನ್ನು ಬೇರೆ ಬೇರೆ ಅಧ್ಯಯನಗಳು 10ರಿಂದ 50ರವರೆಗೆ ಎಲ್ಲೆಲ್ಲೋ ತೋರಿಸಿವೆ. ಕೆಲವದರಲ್ಲಿ ಅಂಥ ಹಂತವೇ ಕಾಣಲಿಲ್ಲ. ಊಟದ ಕ್ಯಾಲ್ಸಿಯಂ, ವಯಸ್ಸು, ಕಿಡ್ನಿಯ ಶಕ್ತಿ, ಮೈತೂಕ ಎಲ್ಲವೂ ಪಿಟಿಎಚ್ ಮೇಲೆ ಪ್ರಭಾವ ಬೀರುತ್ತವೆ. ಹಾಗಿರುವಾಗ ಎಲ್ಲ ಜನರಿಗೂ ಒಂದೇ ಗೆರೆ ಎಳೆಯುವುದು ಕಷ್ಟ.

ಇದರ ಪರಿಣಾಮ ನೇರವಾಗಿ ರಿಪೋರ್ಟ್ ಮೇಲೆ ಕಾಣುತ್ತದೆ. ಡಿ 24 ಬಂದ ವ್ಯಕ್ತಿ ಒಂದು ಗೆರೆಯ ಪ್ರಕಾರ ಸರಿ, ಇನ್ನೊಂದರ ಪ್ರಕಾರ ಕೊರತೆಯವ. ಮೈಯಲ್ಲಿ ಏನೂ ಬದಲಾಗಿಲ್ಲ, ಹಣೆಪಟ್ಟಿ ಮಾತ್ರ ಬದಲಾಗಿದೆ. ಕೋಟಿಗಟ್ಟಲೆ ಜನ ಕೊರತೆಯ ಲೆಕ್ಕಕ್ಕೆ ಸೇರುವುದರಲ್ಲಿ ಈ ಗೆರೆಯ ಪಾಲು ದೊಡ್ಡದು. ಹಾಗೆಂದು ಕೊರತೆಯೇ ಸುಳ್ಳು ಎನ್ನಲಾಗದು. ಡಿ 10ರ ಕೆಳಗಿದ್ದು, ಪಿಟಿಎಚ್ ಏರಿ, ಎಲುಬು ನೋಯುತ್ತಿರುವವರ ಕಷ್ಟ ಯಾವ ಗೆರೆಯಿಂದ ನೋಡಿದರೂ ನಿಜ.

ಹೊಸ ಮಾರ್ಗಸೂಚಿ ನಿಜವಾಗಿ ಹೇಳಿದ್ದೇನು

2024ರ ಮಾರ್ಗಸೂಚಿಯನ್ನು ‘ಡಿ ಬೇಡ’ ಎಂದು ಓದಿದವರು ಅರ್ಧ ಓದಿದ್ದಾರೆ. ಬೇರೆ ಕಾರಣವಿಲ್ಲದ ಆರೋಗ್ಯವಂತರು ಸುಮ್ಮನೆ ರಕ್ತ ಪರೀಕ್ಷೆ ಮಾಡಿಸಬೇಕಿಲ್ಲ ಎಂದು ಅದು ಹೇಳಿದೆ. ಆದರೆ 1ರಿಂದ 18 ವರ್ಷದ ಮಕ್ಕಳು, ಗರ್ಭಿಣಿಯರು, 75 ದಾಟಿದವರು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವವರು ಪರೀಕ್ಷೆ ಇಲ್ಲದೆಯೂ ಡಿ ತೆಗೆದುಕೊಳ್ಳುವುದು ಒಳ್ಳೆಯದು ಎಂದೂ ಅದೇ ಹೇಳಿದೆ. 50 ದಾಟಿದವರಲ್ಲಿ ಡಿ ಕೊಡಬೇಕಾಗಿ ಬಂದರೆ ಅಪರೂಪಕ್ಕೊಂದು ದೊಡ್ಡ ಡೋಸ್‌ಗಿಂತ ದಿನದ ಸಣ್ಣ ಡೋಸ್ ಲೇಸು ಎಂದಿದೆ. ಮುಖ್ಯವಾಗಿ, ಅದು ರೋಗವಿಲ್ಲದವರಿಗಾಗಿ ಬರೆದದ್ದು. ಕ್ಯಾಲ್ಸಿಯಂ ಏರುಪೇರಾದವರು, ಪ್ಯಾರಾಥೈರಾಯ್ಡ್ ತೊಂದರೆಯವರು, ಎಲುಬು ಸವೆದವರು, ಕಿಡ್ನಿ ರೋಗಿಗಳು ಆ ಸಲಹೆಯ ವ್ಯಾಪ್ತಿಗೆ ಬರುವುದಿಲ್ಲ. ಅವರಿಗೆ ಪರೀಕ್ಷೆ ಬೇಕೇ ಬೇಕು.

ಇದರ ಹಿಂದೆ ದೊಡ್ಡ ಪ್ರಯೋಗಗಳಿವೆ. ಅಮೆರಿಕದ ವೈಟಲ್ ಪ್ರಯೋಗದಲ್ಲಿ 25,871 ಜನರಿದ್ದರು. ದಿನಕ್ಕೆ 2,000 ಐಯು ಡಿ ತೆಗೆದುಕೊಂಡವರಲ್ಲಿ ಕ್ಯಾನ್ಸರ್ ಆಗಲಿ, ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲ. 2022ರಲ್ಲಿ ಬಂದ ಮುಂದಿನ ಫಲಿತಾಂಶದ ಪ್ರಕಾರ ಎಲುಬು ಮುರಿಯುವುದೂ ಕಡಿಮೆಯಾಗಲಿಲ್ಲ. ಆದರೆ ಅವರಲ್ಲಿ ಹೆಚ್ಚಿನವರ ಡಿ ಮೊದಲೇ ಚೆನ್ನಾಗಿತ್ತು. ಹೊಟ್ಟೆ ತುಂಬಿದವರಿಗೆ ಬಡಿಸಿ ಊಟದಿಂದ ಉಪಯೋಗವಿಲ್ಲ ಎಂದು ತೀರ್ಮಾನಿಸಿದರೆ ಹಸಿದವರಿಗೆ ಅದು ಅನ್ವಯಿಸದು. ಅಮೆರಿಕದಲ್ಲಿ ಹಾಲಿಗೆ ಡಿ ಬೆರೆಸುವ ಪದ್ಧತಿ ಹಲವು ದಶಕಗಳಿಂದ ಇದೆ. ನಮ್ಮಲ್ಲಿ ಹಾಲು ಮತ್ತು ಅಡುಗೆ ಎಣ್ಣೆಗೆ ಡಿ ಸೇರಿಸುವ ನಿಯಮಗಳು ಗಟ್ಟಿಯಾದದ್ದು 2018ರಲ್ಲಿ. ಹಾಗಾಗಿ ಅಲ್ಲಿನ ಸಲಹೆಯನ್ನು ಕುಂದಗೋಳದ ಅಥವಾ ಹಾನಗಲ್ಲಿನ ಬಡ ಗರ್ಭಿಣಿಯ ಮೇಲೆ ಹಾಗೇ ಹೇರುವುದು ಸರಿಯಲ್ಲ. ಅದೇ ಹೊತ್ತಿಗೆ, ಆರೋಗ್ಯವಾಗಿರುವ ಮೂವತ್ತರ ಯುವಕನಿಗೆ ವರ್ಷಕ್ಕೆರಡು ಬಾರಿ ಡಿ ಪರೀಕ್ಷೆ ಮಾಡಿಸುವುದರಲ್ಲೂ ಅರ್ಥವಿಲ್ಲ.

ಗ್ರಂಥಿಗೇ ರೋಗ ಬಂದಾಗ

ಎಲ್ಲಕ್ಕಿಂತ ಎಚ್ಚರಿಕೆಯಿಂದ ಓದಬೇಕಾದ ಭಾಗ ಇದು. ಪಿಟಿಎಚ್ ಏರಿದವರೆಲ್ಲರ ಕಾರಣ ಡಿ ಕೊರತೆಯಲ್ಲ. ಕೆಲವರಲ್ಲಿ ಪ್ಯಾರಾಥೈರಾಯ್ಡ್‌ನಲ್ಲೇ ಗಡ್ಡೆ ಬೆಳೆದಿರುತ್ತದೆ. ಹೆಚ್ಚಿನವರಲ್ಲಿ ನಾಲ್ಕರಲ್ಲಿ ಒಂದೇ ಗ್ರಂಥಿಗೆ ಹೀಗಾಗುತ್ತದೆ. ಈ ಗಡ್ಡೆ ಬಹುತೇಕ ಎಂದೂ ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೂ ಪಿಟಿಎಚ್ ಸುರಿಸುತ್ತಲೇ ಇರುತ್ತದೆ. ಎಲುಬು ಕರಗುತ್ತದೆ, ಕ್ಯಾಲ್ಸಿಯಂ ಮಿತಿ ಮೀರುತ್ತದೆ, ಕಿಡ್ನಿಯಲ್ಲಿ ಹರಳು ಕಟ್ಟುತ್ತದೆ. ಇದೇ ಪ್ರೈಮರಿ ಹೈಪರ್‌ಪ್ಯಾರಾಥೈರಾಯ್ಡಿಸಂ. ಮುಟ್ಟು ನಿಂತ ಹೆಣ್ಣುಮಕ್ಕಳಲ್ಲಿ ಜಾಸ್ತಿ.

ಲಕ್ಷಣಗಳು ಒಂದು ಕಡೆ ನಿಲ್ಲುವುದಿಲ್ಲ. ಸುಸ್ತು, ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಮಂಕು, ಎಲುಬು ನೋವು. ಇವುಗಳಲ್ಲಿ ಯಾವುದನ್ನು ಹೇಳಿಕೊಂಡರೂ ‘ವಯಸ್ಸಾಯಿತು’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಹರಳಿಗೆ ಒಬ್ಬರ ಬಳಿ, ಸೊಂಟಕ್ಕೆ ಇನ್ನೊಬ್ಬರ ಬಳಿ, ಹೊಟ್ಟೆಗೆ ಮತ್ತೊಬ್ಬರ ಬಳಿ ಹೋಗುತ್ತಾ ವರ್ಷಗಳು ಉರುಳುತ್ತವೆ. ಒಂದು ಸಾದಾ ಕ್ಯಾಲ್ಸಿಯಂ ಪರೀಕ್ಷೆ ಈ ಅಲೆದಾಟವನ್ನು ನಿಲ್ಲಿಸಬಲ್ಲದು. ಮತ್ತೆ ಮತ್ತೆ ಹರಳು ಬರುವವರಿಗೆ ಈ ಪರೀಕ್ಷೆ ತಪ್ಪಿಸಲೇಬಾರದು.

ಈ ರೋಗಿಗಳಲ್ಲೂ ಎಷ್ಟೋ ಸಲ ವಿಟಮಿನ್ ಡಿ ಕಡಿಮೆಯೇ ಇರುತ್ತದೆ. ಭಾರತದಲ್ಲಂತೂ ಎರಡೂ ಜೊತೆಯಾಗಿ ಕಾಣುವುದು ಸಾಮಾನ್ಯ. ಡಿ ಕಡಿಮೆ, ಪಿಟಿಎಚ್ ಜಾಸ್ತಿ ಎಂಬ ಎರಡೇ ಅಂಕಿ ನೋಡಿದವರು ಡಿ ಕೊರತೆಯಿಂದ ಹೀಗಾಗಿದೆ ಎಂದು ಗುಳಿಗೆ ಬರೆದು ಸುಮ್ಮನಾಗಬಹುದು. ಬೇರೆ ಮಾಡುವುದು ಮೂರನೆಯ ಅಂಕಿ. ಡಿ ಕೊರತೆಯಿಂದ ಪಿಟಿಎಚ್ ಏರಿದ್ದರೆ ಕ್ಯಾಲ್ಸಿಯಂ ನಾರ್ಮಲ್ ಇರುತ್ತದೆ ಅಥವಾ ಕಡಿಮೆ ಇರುತ್ತದೆ. ಕ್ಯಾಲ್ಸಿಯಂ ಮಿತಿ ಮೀರಿದ್ದರೆ ಅದಕ್ಕೆ ಡಿ ಕೊರತೆ ಕಾರಣವಾಗಲಾರದು. ಕ್ಯಾಲ್ಸಿಯಂ 11 ಇದ್ದು ಪಿಟಿಎಚ್ ‘ನಾರ್ಮಲ್’ ಎಂದು ಬಂದರೂ ಅದು ನಾರ್ಮಲ್ ಅಲ್ಲ. ಅಷ್ಟು ಕ್ಯಾಲ್ಸಿಯಂ ಇರುವಾಗ ಆರೋಗ್ಯವಂತ ಗ್ರಂಥಿ ಬಾಯಿ ಮುಚ್ಚಿಕೊಂಡಿರಬೇಕು.

ಕ್ಯಾಲ್ಸಿಯಂ ಜಾಸ್ತಿ, ಡಿ ಕಡಿಮೆ: ಕೊಡಬೇಕೋ ಬೇಡವೋ

ಇಂಥವರಿಗೆ ಡಿ ಕೊಡುವ ವಿಷಯದಲ್ಲಿ ಎರಡು ವಾದಗಳಿವೆ. ಬೇಡ ಎನ್ನುವವರು ಹೇಳುವುದು ಹೀಗೆ. ಗಡ್ಡೆಯ ಪಿಟಿಎಚ್ ಸಂಗ್ರಹದ ಡಿಯನ್ನು ಬೇಗ ಖರ್ಚು ಮಾಡಿಸುತ್ತದೆ. ಆದ್ದರಿಂದ ಇಲ್ಲಿ ಡಿ ಕಡಿಮೆಯಾಗಿರುವುದು ರೋಗದ ಫಲ. ಮೊದಲೇ ಕ್ಯಾಲ್ಸಿಯಂ ಜಾಸ್ತಿ ಇದೆ, ಮೇಲಿಂದ ಡಿ ಸುರಿದರೆ ಇನ್ನಷ್ಟು ಏರುತ್ತದೆ. ಗಡ್ಡೆ ತೆಗೆಸಿ, ಆಮೇಲೆ ಡಿ ಕೊಡಿ.

ಕೊಡಬಹುದು ಎನ್ನುವವರ ಬಳಿಯೂ ಗಟ್ಟಿ ಕಾರಣಗಳಿವೆ. ಡಿ ಕೊರತೆ ಇದ್ದವರಲ್ಲಿ ಗಡ್ಡೆ ಹೆಚ್ಚು ತೂಗುವುದನ್ನು ಅಮೆರಿಕದ ಡೆಟ್ರಾಯಿಟ್‌ನ ವೈದ್ಯರು 2000ದಲ್ಲಿ ತೋರಿಸಿದ್ದಾರೆ. ಡೆನ್ಮಾರ್ಕ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ರೋಗಿಗಳಿಗೆ ದಿನಕ್ಕೆ 2,800 ಐಯು ಕೊಟ್ಟರು. ಪಿಟಿಎಚ್ ಇಳಿಯಿತು, ಬೆನ್ನೆಲುಬಿನ ಸಾಂದ್ರತೆ ಸುಧಾರಿಸಿತು, ಕ್ಯಾಲ್ಸಿಯಂ ಏರಲಿಲ್ಲ. ಇನ್ನೊಂದು ಕಾರಣ ಆಪರೇಷನ್ ನಂತರದ್ದು. ಗಡ್ಡೆ ತೆಗೆದೊಡನೆ ಹಸಿದ ಎಲುಬು ರಕ್ತದ ಕ್ಯಾಲ್ಸಿಯಂ ಅನ್ನು ಒಮ್ಮೆಲೇ ಎಳೆದುಕೊಳ್ಳುತ್ತದೆ. ಕೈಕಾಲು ಜೋಮು ಹಿಡಿಯುವುದು, ಸೆಟೆದುಕೊಳ್ಳುವುದು ಶುರುವಾಗುತ್ತದೆ. ಡಿ ಕೊರತೆ ಇದ್ದವರಲ್ಲಿ ಈ ಅಪಾಯ ಜಾಸ್ತಿ. ಈ ರೋಗದ ಬಗ್ಗೆ 2022ರಲ್ಲಿ ಹೊರಬಂದ ಐದನೆಯ ಅಂತರರಾಷ್ಟ್ರೀಯ ಕಾರ್ಯಾಗಾರದ ಸಲಹೆ ಕೂಡ ಡಿ ಮಟ್ಟವನ್ನು 30ರ ಮೇಲೆ ಇಡಿ ಎಂದೇ ಇದೆ.

ನನ್ನ ಓದಿನಲ್ಲಿ ಎರಡನೆಯ ವಾದವೇ ಹೆಚ್ಚು ಗಟ್ಟಿ. ಆದರೆ ಅದನ್ನು ಅರ್ಧ ಕೇಳಿಸಿಕೊಳ್ಳಬಾರದು. ಆ ಪ್ರಯೋಗದಲ್ಲಿ ಕೊಟ್ಟದ್ದು ದಿನದ ಸಣ್ಣ ಡೋಸ್, ಅದೂ ಕ್ಯಾಲ್ಸಿಯಂ ಮೇಲೆ ಕಣ್ಣಿಟ್ಟು. ಕ್ಯಾಲ್ಸಿಯಂ ಜಾಸ್ತಿ ಇರುವವರು ಅಂಗಡಿಯಿಂದ 60,000ದ ಗುಳಿಗೆ ತಂದು ತಾವೇ ನುಂಗಲು ಇದು ಪರವಾನಗಿಯಲ್ಲ. ಡಿ ಕೊಡುವುದು ಗಡ್ಡೆಗೆ ಚಿಕಿತ್ಸೆಯೂ ಅಲ್ಲ. ಗಡ್ಡೆಯನ್ನು ಪೂರ್ತಿ ಗುಣಪಡಿಸುವುದು ಆಪರೇಷನ್ ಮಾತ್ರ.

ಸೂಜಿಯ ಅಭ್ಯಾಸ

ಮೊಣಕಾಲು ನೋವಿಗೆ, ಸುಸ್ತಿಗೆ ಡಿ ಇಂಜೆಕ್ಷನ್ ಕೇಳಿ ಹಾಕಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಕೆಲವು ಸೂಜಿಗಳಲ್ಲಿ 6 ಲಕ್ಷ ಐಯು ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 600 ಐಯು. ಅಂದರೆ ಸಾವಿರ ದಿನದ ಪಾಲು ಒಂದೇ ಚುಚ್ಚಿಗೆ ಮೈ ಸೇರುತ್ತದೆ. ತೀವ್ರ ಕೊರತೆ ಇರುವವರಿಗೆ, ಕರುಳು ಡಿ ಹೀರಿಕೊಳ್ಳದವರಿಗೆ ವೈದ್ಯರು ಇದನ್ನು ಯೋಚಿಸಿ ಕೊಡುತ್ತಾರೆ. ತೊಂದರೆ ಇರುವುದು ಲೆಕ್ಕವಿಲ್ಲದೆ ಮತ್ತೆ ಮತ್ತೆ ಹಾಕಿಸಿಕೊಳ್ಳುವುದರಲ್ಲಿ. ಡಿ ಕೊಬ್ಬಿನಲ್ಲಿ ಸೇರಿ ತಿಂಗಳುಗಟ್ಟಲೆ ಉಳಿಯುತ್ತದೆ. ಜಾಸ್ತಿಯಾದರೆ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಕಿಡ್ನಿ ಸೋಲುವುದು ಆಗಬಹುದು. ಆಗ ಪಿಟಿಎಚ್ ತೀರಾ ಕೆಳಗಿಳಿದಿರುತ್ತದೆ. ಗಡ್ಡೆಯಿಂದ ಕ್ಯಾಲ್ಸಿಯಂ ಏರಿದೆಯೋ, ಡಿ ಅತಿಯಾಗಿ ಏರಿದೆಯೋ ಎಂದು ಪಿಟಿಎಚ್ ಬಿಡಿಸಿ ಹೇಳುವುದು ಹೀಗೆ.

ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಣ್ಣುಮಕ್ಕಳಿಗೆ ವರ್ಷಕ್ಕೊಮ್ಮೆ 5 ಲಕ್ಷ ಐಯು ಕೊಟ್ಟು ನೋಡಿದ ಪ್ರಯೋಗವೊಂದು 2010ರಲ್ಲಿ ಪ್ರಕಟವಾಯಿತು. ಎಲುಬು ಗಟ್ಟಿಯಾಗಲಿ ಎಂದು ಕೊಟ್ಟದ್ದು. ಡಿ ಪಡೆದವರೇ ಹೆಚ್ಚು ಬಿದ್ದರು, ಅವರ ಎಲುಬುಗಳೇ ಹೆಚ್ಚು ಮುರಿದವು.

ಗದಗದ ನೀರು ಮತ್ತು ಪಿಟಿಎಚ್

ನಮ್ಮ ಭಾಗಕ್ಕೆ ಅಂಟಿದ ಇನ್ನೊಂದು ಎಳೆ ಇದೆ. ಗದಗ ಜಿಲ್ಲೆಯ ಮುಂಡರಗಿ ಮತ್ತು ಸುತ್ತಲಿನ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ಹಳೆಯ ಸಂಗತಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ಜಾಸ್ತಿ ಫ್ಲೋರೈಡ್ ಕುಡಿದವರ ಹಲ್ಲು ಕಲೆಗಟ್ಟುತ್ತದೆ, ಎಲುಬು ಬಿರುಸಾಗುತ್ತದೆ, ಬೆನ್ನು ಕುತ್ತಿಗೆ ಬಾಗುವುದಿಲ್ಲ. ಇಂಥವರಲ್ಲಿ ಪ್ಯಾರಾಥೈರಾಯ್ಡ್ ಕೂಡ ಹೆಚ್ಚು ದುಡಿಯುತ್ತಿರುತ್ತದೆ ಎಂಬುದನ್ನು ಉತ್ತರ ಭಾರತದ ಫ್ಲೋರೋಸಿಸ್ ರೋಗಿಗಳಲ್ಲಿ ಕಂಡ ತೇವೋತಿಯಾ ದಂಪತಿ 1973ರಲ್ಲೇ ವರದಿ ಮಾಡಿದ್ದರು. ಫ್ಲೋರೈಡ್ ಸೇರಿದ ಎಲುಬು ತನ್ನ ಕ್ಯಾಲ್ಸಿಯಂ ಅನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆಗ ಗ್ರಂಥಿ ಪಿಟಿಎಚ್ ಮತ್ತಷ್ಟು ಏರಿಸಬೇಕಾಗುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಬಡವರಿಗೆ ಹಾನಿ ಜಾಸ್ತಿ.

ಇದರ ಅರ್ಥ, ಅಲ್ಲಿಂದ ಬಂದ ರೋಗಿಯ ಎಲುಬು ನೋವಿಗೆ ಡಿ ಗುಳಿಗೆಯೊಂದೇ ಉತ್ತರವಾಗಲಾರದು. ಮನೆಗೆ ಯಾವ ನೀರು ಬರುತ್ತದೆ ಎಂಬ ಪ್ರಶ್ನೆಯನ್ನೂ ಕೇಳಬೇಕು. ನದಿ ನೀರಿನ ನಲ್ಲಿ ಇದ್ದರೂ ಬೇಸಿಗೆಯಲ್ಲಿ ಬೋರ್‌ವೆಲ್ ನೀರನ್ನೇ ಕುಡಿಯುತ್ತಾರೆಯೇ ಎಂದೂ ವಿಚಾರಿಸಬೇಕು.

ರಿಪೋರ್ಟ್ ಕೈಗೆ ಬಂದಾಗ

ಪರೀಕ್ಷೆಗೆ ಕಾರಣ ಇರುವವರು ಕ್ಯಾಲ್ಸಿಯಂ, ಅಲ್ಬುಮಿನ್, ಫಾಸ್ಫರಸ್, ಕ್ರಿಯಾಟಿನಿನ್, ಡಿ, ಪಿಟಿಎಚ್ ಇಷ್ಟನ್ನೂ ಒಂದೇ ಸಲ ರಕ್ತ ಕೊಟ್ಟು ಮಾಡಿಸುವುದು ಒಳ್ಳೆಯದು. ರೋಣದಿಂದಲೋ ಶಿಗ್ಗಾವಿಯಿಂದಲೋ ಹುಬ್ಬಳ್ಳಿಗೆ ಬರುವವರಿಗೆ ಬಸ್ ಖರ್ಚೂ ಉಳಿಯುತ್ತದೆ, ಅಂಕಿಗಳನ್ನು ಹೋಲಿಸಲೂ ಅನುಕೂಲ. ಅಲ್ಬುಮಿನ್ ಏಕೆಂದರೆ, ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನಿಗೆ, ಮುಖ್ಯವಾಗಿ ಅಲ್ಬುಮಿನ್‌ಗೆ, ಅಂಟಿಕೊಂಡಿರುತ್ತದೆ. ಅಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆ ಇದೆಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸಬೇಕು. ಅಪೌಷ್ಟಿಕತೆ ಇರುವವರಲ್ಲಿ 9.9 ಎಂದು ಕಂಡ ಕ್ಯಾಲ್ಸಿಯಂ ನಿಜವಾಗಿ 10.7 ಇರಬಹುದು.

ಕೂದಲು, ಉಗುರಿಗೆಂದು ಬಯೋಟಿನ್ ಗುಳಿಗೆ ನುಂಗುವವರು ಮೊದಲೇ ಹೇಳಬೇಕು. ಕೆಲವು ಯಂತ್ರಗಳಲ್ಲಿ ಅದು ಪಿಟಿಎಚ್ ಅನ್ನು ಸುಳ್ಳಾಗಿ ಕಡಿಮೆ, ಡಿಯನ್ನು ಸುಳ್ಳಾಗಿ ಜಾಸ್ತಿ ತೋರಿಸುತ್ತದೆ. ಬಿಪಿಗೆ ಕೊಡುವ ಕ್ಲೋರ್‌ಥಾಲಿಡೋನ್‌ನಂಥ ಮೂತ್ರದ ಗುಳಿಗೆಗಳು ಮತ್ತು ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಕ್ಯಾಲ್ಸಿಯಂ ಏರಿಸುತ್ತವೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಡಿ ಇಳಿಸುತ್ತದೆ. ಟಿಬಿ ಇದ್ದವರಲ್ಲಿ ಡಿ ಕೊಟ್ಟಾಗ ಕೆಲವೊಮ್ಮೆ ಕ್ಯಾಲ್ಸಿಯಂ ಏರುವುದುಂಟು. ಕಿಡ್ನಿ ಸೋತವರಲ್ಲಿ ಪಿಟಿಎಚ್ ಏರಿಕೆಯ ದಾರಿಯೇ ಬೇರೆ, ಅವರು ಕಿಡ್ನಿ ತಜ್ಞರ ಸಲಹೆಯಂತೆಯೇ ನಡೆಯಬೇಕು. ಯಾವ ಗುಳಿಗೆಯನ್ನೂ ತಾವಾಗಿ ನಿಲ್ಲಿಸಬಾರದು.

ಡಿ ಕಡಿಮೆ, ಕ್ಯಾಲ್ಸಿಯಂ ನಾರ್ಮಲ್, ಪಿಟಿಎಚ್ ಜಾಸ್ತಿ ಎಂದು ಬಂದವರು ವೈದ್ಯರು ಹೇಳಿದಷ್ಟು ಡಿ ಮತ್ತು ಕ್ಯಾಲ್ಸಿಯಂ ತೆಗೆದುಕೊಂಡು ಸುಮಾರು ಮೂರು ತಿಂಗಳ ನಂತರ ಮೂರೂ ಪರೀಕ್ಷೆಗಳನ್ನು ಮತ್ತೆ ಮಾಡಿಸಬೇಕು. ಡಿ ಏರಿ, ಪಿಟಿಎಚ್ ಇಳಿದು, ಕ್ಯಾಲ್ಸಿಯಂ ಮಿತಿಯಲ್ಲೇ ಇದ್ದರೆ ಗ್ರಂಥಿ ಸರಿ ಇದೆ. ಡಿ ತುಂಬಿದ ಮೇಲೆ ಕ್ಯಾಲ್ಸಿಯಂ 10.5 ದಾಟಿ ಪಿಟಿಎಚ್ ಇಳಿಯದೆ ನಿಂತರೆ ಅಲ್ಲಿ ಮೊದಲಿನಿಂದಲೂ ಗಡ್ಡೆ ಇದ್ದಿರಬಹುದು, ಡಿ ಕೊರತೆ ಅದನ್ನು ಮರೆಮಾಡಿದ್ದಿರಬಹುದು. ಆಗ ಹಾರ್ಮೋನ್ ತಜ್ಞರನ್ನು ಕಾಣಬೇಕು. ಅವರು ಮೊದಲು 24 ಗಂಟೆಯ ಮೂತ್ರದಲ್ಲಿ ಕ್ಯಾಲ್ಸಿಯಂ ಅಳೆಸುತ್ತಾರೆ. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಕ್ಯಾಲ್ಸಿಯಂ ಸ್ವಲ್ಪ ಮೇಲಿರುತ್ತದೆ. ಅಂಥವರ ಮೂತ್ರದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುತ್ತದೆ, ಅವರಿಗೆ ಆಪರೇಷನ್ ಬೇಕಾಗುವುದಿಲ್ಲ. ಅದನ್ನು ಖಚಿತ ಮಾಡಿಕೊಂಡ ಮೇಲೆಯೇ ಕುತ್ತಿಗೆಯ ಸ್ಕ್ಯಾನಿಂಗ್ ಮತ್ತು ಆಪರೇಷನ್‌ನ ಮಾತು.